ಲೆನ್ಸಿಗೆ ಹಚ್ಚಿದ ವಿಭೂತಿ

ಹೊಸ ಕ್ಯಾಮೆರಾಕ್ಕೆ ಪೂಜೆ ಮಾಡುತ್ತಿದ್ದ ಅತ್ತೆ ಮೂರು ಬೆರಳಲ್ಲಿ ವಿಭೂತಿಯನ್ನು ನೇರ ಲೆನ್ಸಿನ ಗಾಜಿಗೇ ಎಳೆದುಬಿಟ್ಟರು. ಗದಗಿನ ಅಂಗಡಿಯಲ್ಲಿ ಅರ್ಧ ದಿನ ನಿಂತು ಆರಿಸಿ ತಂದ ನನ್ನ ಮೊದಲ ಡಿಎಸ್‌ಎಲ್‌ಆರ್ ಅದು. ಇನ್ನೂ ಒಂದು ಫೋಟೊ ಸಹ ತೆಗೆದಿರಲಿಲ್ಲ.

“ಅಯ್ಯ ಅತ್ತಿ, ಅದು ಕ್ಯಾಮೆರಾದ ಕಣ್ಣುರೀ!”

“ಹಂಗಾರ ಅದರ ಹಣಿ ಎಲ್ಲೈತಿ ತೋರ್ಸವಾ, ಅಲ್ಲೇ ಹಚ್ತೀನಿ,” ಎಂದರು ಅತ್ತೆ.

ಅಂಗಡಿಯವರಿಗೆ ಫೋನ್ ಮಾಡಿದೆ. ಲೆನ್ಸಿಗೆ ಏನೂ ಆಗಿಲ್ಲ, ಮುಂದಿರುವುದು ತಾವೇ ಕೂರಿಸಿಕೊಟ್ಟ ರಕ್ಷಣೆಯ ಗಾಜು, ತಿರುಗಿಸಿ ಬಿಚ್ಚಿ ಮೆತ್ತನೆಯ ಬಟ್ಟೆಯಿಂದ ಒರೆಸಿರಿ ಎಂದು ನಕ್ಕರು. ದೇವರು ದೊಡ್ಡವನು.

ನಾನು ಒರೆಸುತ್ತಿದ್ದಂತೆ ಅತ್ತೆ ಸೆರಗು ಸರಿಮಾಡಿಕೊಂಡು ಹೊಸ್ತಿಲ ಮುಂದೆ ಬಂದು ಕುಳಿತರು. “ಕೆಟ್ಟೈತೋ ಇಲ್ಲೋ, ನನ್ನ ಫೋಟೊನೇ ತಗದು ನೋಡು,” ಎಂದರು. ಇಷ್ಟು ವರ್ಷ “ಗ್ವಾಡಿಗೆ ತೂಗಹಾಕಿ ಮಾಲಿ ಹಾಕಾಕೇನು?” ಎನ್ನುತ್ತ ಒಂದು ಫೋಟೊಕ್ಕೂ ಕೂರದೇ ಇದ್ದವರು ಅವರು!

ಅಂದು ತೆಗೆದ ಆ ಮೊದಲ ಫೋಟೊದಲ್ಲಿ ಬಾಗಿಲ ತೋರಣ ಸ್ಪಷ್ಟವಾಗಿ ಬಂದಿದೆ, ಅತ್ತೆಯ ಮುಖ ಮಸುಕು. ಫೋಕಸ್ ಕಲಿಯಲೆಂದು ಈಗ ದಿನಾ ಪೂಜೆಯಾದ ಮೇಲೆ ಅವರನ್ನು ಅಲ್ಲೇ ಕೂರಿಸುತ್ತೇನೆ. ಒಲ್ಲೆ ಎನ್ನುವುದಿಲ್ಲ. ಜಲ್ದಿ ಕಲಿಯುವ ಅವಸರ ನನಗೂ ಇಲ್ಲ.