ಅಮ್ಮ ನಾರಾವಿಗೆ ಹೋಗಿದ್ದಾರೆ

ನಮ್ಮ ಕಡೆ ಆಸ್ಪತ್ರೆಗೆ ಸೇರುವವರನ್ನು ಮೊದಲು ಕೇಳುವ ಪ್ರಶ್ನೆ, "ನಿಲ್ಲಲಿಕ್ಕೆ ಯಾರಿದ್ದಾರೆ?" ಅಂತ. ರೋಗಿಯ ಮಂಚದ ಪಕ್ಕ ಚಾಪೆ ಹಾಸಿ ಮಲಗುವವರು, ಬಿಸಿನೀರು ತರುವವರು, ಡಾಕ್ಟರು ಬಂದಾಗ ಎದ್ದು ನಿಲ್ಲುವವರು ಒಬ್ಬರು ಬೇಕು. ಮಕ್ಕಳು ಗಲ್ಫಿನಲ್ಲಿದ್ದರೆ, ಸೊಸೆಗೆ ಕೈಕೂಸು ಇದ್ದರೆ ಆ ಒಬ್ಬರು ಸಿಗುವುದು ಕಷ್ಟ. ಬೆಳ್ತಂಗಡಿಯ ನಮ್ಮ ಓಣಿಯಲ್ಲಿ ಮಾತ್ರ ಅದು ಕಷ್ಟವಾಗಿರಲಿಲ್ಲ. ಅಮ್ಮ ಇದ್ದಳು.

ಅಮ್ಮ ನಲವತ್ತು ವರ್ಷ ಹೀಗೆ ನಿಂತಳು. ಮನೆಯ ಅಡುಗೆ ಮುಗಿಸಿ, ಅಪ್ಪನಿಗೆ ಎರಡು ಹೊತ್ತಿನ ಸಾರು ಮಾಡಿಟ್ಟು, ಚಾಪೆ, ಫ್ಲಾಸ್ಕು, ಒಂದು ಹಳೆಯ ಸೀರೆ ಹಿಡಿದು ಬಸ್ಸು ಹತ್ತುತ್ತಿದ್ದಳು. ಯಾವ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಗಂಜಿ ಎಷ್ಟು ಗಂಟೆಗೆ ಸಿಗುತ್ತದೆ, ಯಾವ ನರ್ಸು ಗದರಿದರೂ ಪಾಪದವಳು ಎಲ್ಲ ಅವಳಿಗೆ ಗೊತ್ತು. ಪೋಲಿಯೋ ಹನಿ ಹಾಕುವ ಭಾನುವಾರ ಬೂತಿನಲ್ಲೂ ಅವಳೇ, ಮಹಿಳಾ ಮಂಡಲದ ಕಾರ್ಯಕ್ರಮ ಮುಗಿದ ಮೇಲೆ ಕುರ್ಚಿ ಮಡಚುವುದಕ್ಕೂ ಅವಳೇ. ಫೋಟೋದಲ್ಲಿ ಮಾತ್ರ ಕೊನೆಯ ಸಾಲಿನಲ್ಲಿ ಅರ್ಧ ಮುಖ.

ನನಗೆ ಇದು ಸರಿಬರುತ್ತಿರಲಿಲ್ಲ. ಊರಿನವರಿಗೆಲ್ಲ ಅವಳು ಬಿಟ್ಟಿ ಸಿಕ್ಕಿದ್ದಾಳೆ ಅಂತ ಸಿಟ್ಟು. ಆ ಸಿಟ್ಟಿಗೆ ಅಮ್ಮನ ಮೇಲಿನ ಕಾಳಜಿ ಎಂದು ಹೆಸರಿಟ್ಟುಕೊಂಡಿದ್ದೆ. ನಿಜ ಹೇಳಬೇಕೆಂದರೆ ಅದು ಶುದ್ಧ ಹೊಟ್ಟೆಕಿಚ್ಚು. ನಾನು ಬಂಟ್ವಾಳದಲ್ಲಿ ಟೀಚರು, ವರ್ಷಕ್ಕೆ ಎರಡು ಸಲ ರಜೆಯಲ್ಲಿ ತವರಿಗೆ ಬರುವವಳು. ಬಂದಾಗಲಾದರೂ ಅಮ್ಮ ನನ್ನವಳಾಗಿರಬೇಕು ಎಂಬ ಹಟ.

ಅಂಥ ಒಂದು ರಜೆಯಲ್ಲಿ ನನ್ನ ಗಂಡನ ಅಕ್ಕನ ಮನೆಯವರನ್ನು ಅಮ್ಮನ ಮನೆಗೆ ಊಟಕ್ಕೆ ಕರೆದೆ. ಅವರ ಮುಂದೆ ಅಮ್ಮನ ಪತ್ರೊಡೆ ಮೆರೆಯಿಸಬೇಕಿತ್ತು. ಹಿಂದಿನ ದಿನ ಮಧ್ಯಾಹ್ನ ಅಮ್ಮ ಅಕ್ಕಿ ನೆನೆಹಾಕಿ, ಕೆಸುವಿನ ಎಲೆ ಕೊಯ್ಯಲು ಹಿತ್ತಲಿಗೆ ಹೋಗಿದ್ದಳು. ಫೋನು ಬಡಿಯಿತು. ಆಗಿನ್ನೂ ಲ್ಯಾಂಡ್‌ಲೈನ್ ಕಾಲ.

ಪಕ್ಕದ ಓಣಿಯ ಬೀಡಿ ಕಟ್ಟುವ ಹೆಂಗಸು. ಒಂಟಿ ಜೀವ. ಮೂಡುಬಿದಿರೆಯ ಆಸ್ಪತ್ರೆಯಿಂದ ಮಾತಾಡುತ್ತಿದ್ದಳು. ಮಾರನೆಯ ದಿನ ಗರ್ಭಕೋಶದ ಆಪರೇಷನ್. ನಿಲ್ಲಲು ಬರುತ್ತೇನೆಂದಿದ್ದ ಕೊಕ್ಕಡದ ತಂಗಿಗೆ ಜ್ವರ.

"ಅಕ್ಕ ಇದ್ದಾರಾ?"

"ಇಲ್ಲ. ಅಮ್ಮ ನಾರಾವಿಗೆ ಹೋಗಿದ್ದಾರೆ. ಎರಡು ದಿನ ಬರುವುದಿಲ್ಲ."

ತಡವರಿಸದೆ ಹೇಳಿದೆ. ನಾರಾವಿಯಲ್ಲಿ ಚಿಕ್ಕಮ್ಮನ ಮನೆ, ಹಾಗಾಗಿ ಸುಳ್ಳಿಗೆ ವಿಳಾಸವೂ ತಯಾರಿತ್ತು. "ಹಾಗಾದರೆ ಇಡ್ತೇನೆ" ಅಂದಳು. ಎಲೆಯ ಕಟ್ಟು ಹಿಡಿದು ಒಳಬಂದ ಅಮ್ಮ ಯಾರೆಂದು ಕೇಳಿದಾಗ ರಾಂಗ್ ನಂಬರ್ ಅಂದೆ.

ಮಾರನೆಯ ದಿನ ಪತ್ರೊಡೆ ಚೆನ್ನಾಗಿಯೇ ಆಯಿತು. ಗಂಡನ ಅಕ್ಕ ಎರಡೆರಡು ಸಲ ಹಾಕಿಸಿಕೊಂಡರು. ಅವರು ಹೊರಟು ಅರ್ಧ ಗಂಟೆಯಾಗಿರಬಹುದು, ನಾನು ಎಂಜಲು ತಟ್ಟೆ ಎತ್ತುತ್ತಿದ್ದೆ, ಅಂಗಳದಲ್ಲಿ ಆ ಹೆಂಗಸು. ಕೈಯಲ್ಲಿ ಬಟ್ಟೆಯ ಚೀಲ, ಮುಖದಲ್ಲಿ ರಕ್ತವೇ ಇಲ್ಲ. ನಿಲ್ಲಲು ಜನ ಇಲ್ಲವೆಂದು ಆಪರೇಷನ್ ಮುಂದೆ ಹಾಕಿದ್ದರು. ಬಸ್ಸಿಳಿದು ಮನೆಗೆ ಹೋಗುವ ದಾರಿಯಲ್ಲಿ ಅಮ್ಮನ ದನಿ ಕೇಳಿ ಒಳಬಂದಿದ್ದಳು.

"ಅಕ್ಕ, ನಾರಾವಿಯಿಂದ ಯಾವಾಗ ಬಂದದ್ದು?"

ಅಮ್ಮ ನನ್ನ ಕಡೆ ನೋಡಿದಳು. ಒಂದೇ ಸಲ. ನಾನು ತಟ್ಟೆಯನ್ನೇ ನೋಡುತ್ತ ನಿಂತೆ.

"ಈಗ ಮಾರಾಯ್ತಿ, ಇವತ್ತು ಬೆಳಿಗ್ಗೆ," ಅಂದಳು ಅಮ್ಮ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಅಮ್ಮನ ದನಿ ಅರ್ಧದಲ್ಲೇ ಇಳಿಯಿತು. ಆಮೇಲೆ ಅವಳನ್ನು ಕೂರಿಸಿ ಉಣ್ಣಲು ಹಾಕಿದಳು, ನಾನು ಮಾಡಿಸಿದ ಪತ್ರೊಡೆಯನ್ನೇ.

ಅಮ್ಮ ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ಮುಂದಿನ ವಾರ ಚಾಪೆ ಹಿಡಿದು ಮೂಡುಬಿದಿರೆಗೆ ಹೋಗಿ ಎಂಟು ದಿನ ಅವಳ ಜೊತೆ ನಿಂತಳು. ಒಂದು ಮಾತ್ರ ಬದಲಾಯಿತು. ನಾನು ಮನೆಯಲ್ಲಿದ್ದಾಗ ಫೋನು ಬಡಿದರೆ ಅಮ್ಮ ಎಲ್ಲಿದ್ದರೂ ಓಡಿ ಬರುತ್ತಿದ್ದಳು. ನಾನು ಅದರ ಪಕ್ಕದಲ್ಲೇ ಕೂತಿದ್ದರೂ ಸರಿ, ಒದ್ದೆ ಕೈಯಲ್ಲೇ ಎತ್ತುತ್ತಿದ್ದಳು. ನನ್ನನ್ನು ನಂಬುವುದನ್ನು ಅವಳು ಅಷ್ಟರ ಮಟ್ಟಿಗೆ ಬಿಟ್ಟಿದ್ದಳು. ನಾನು ಕ್ಷಮೆ ಕೇಳಬಹುದಿತ್ತು. ನಾಳೆ ಕೇಳಿದರಾಯಿತು ಅಂದುಕೊಂಡೇ ಇಪ್ಪತ್ತು ವರ್ಷ ಕಳೆದೆ.

ಹೋದ ವರ್ಷ ಅಮ್ಮ ತೀರಿಕೊಂಡಳು, ಎಂಬತ್ತಾರು ತುಂಬಿತ್ತು. ಹದಿಮೂರನೆಯ ದಿನ ಸಭಾಭವನದಲ್ಲಿ ನುಡಿನಮನ. ದೊಡ್ಡವರೆಲ್ಲ ಮಾತಾಡಿದ ಮೇಲೆ ಆ ಹೆಂಗಸು ಕೋಲೂರಿಕೊಂಡು ಎದ್ದಳು. ಯಾರೋ ಮೈಕು ಹಿಡಿದರು.

"ಅಕ್ಕ ಎಲ್ಲರಿಗೂ ಆಗಿದ್ದಾರೆ. ನನಗೆ ಒಂದು ಸಲ ಮಾತ್ರ ಸಿಗಲಿಲ್ಲ, ನಾರಾವಿಗೆ ಹೋಗಿದ್ರು. ಮನುಷ್ಯರಲ್ವಾ, ಹೋಗ್ಲಿಕ್ಕೆ ಇಲ್ವಾ? ಆದರೆ ಅವರು ಅದನ್ನು ಬಿಡಲೇ ಇಲ್ಲ. ನಾನು ಸಿಕ್ಕಿದಾಗೆಲ್ಲ, ಆವತ್ತು ನನ್ನಿಂದ ನಿನಗೆ ತೊಂದರೆ ಆಯ್ತು, ತಪ್ಪು ನನ್ನದು ಅಂತ ಹೇಳುದು. ಕಳೆದ ತಿಂಗಳು ಮಲಗಿದಲ್ಲಿಂದಲೂ ಹೇಳಿದ್ರು. ನಾನು ಇಲ್ಲಿ ಎಲ್ಲರ ಎದುರು ಹೇಳ್ತೇನೆ, ಅಕ್ಕನ ಮೇಲೆ ನನಗೆ ಬೇಜಾರು ಏನೂ ಇಲ್ಲ."

ಜನ ಕಣ್ಣೊರೆಸಿಕೊಂಡರು. ಇಪ್ಪತ್ತು ವರ್ಷ ಅಮ್ಮ ನನ್ನ ಸುಳ್ಳಿಗೆ ಕ್ಷಮೆ ಕೇಳುತ್ತಲೇ ಬಂದಿದ್ದಳೆಂದು ನನಗೆ ಗೊತ್ತಿರಲಿಲ್ಲ.

ಮುಂದಿನ ಸರದಿ ನನ್ನದು, ಮನೆಯವರ ಪರವಾಗಿ ಧನ್ಯವಾದ. ಮೈಕು ಕೈಗೆ ಬಂತು. ಅವಳು ಎದುರಿನ ಕುರ್ಚಿಯಲ್ಲೇ ಕೂತಿದ್ದಳು. ಅಮ್ಮ ಆವತ್ತು ಮನೆಯಲ್ಲೇ ಇದ್ದಳು ಅನ್ನಲು ಅರ್ಧ ನಿಮಿಷ ಸಾಕಿತ್ತು. ಮೊದಲ ಸಾಲಿನಲ್ಲಿ ಗಂಡನ ಅಕ್ಕ, ಹಿಂದೆ ನನ್ನ ಶಾಲೆಯ ಟೀಚರುಗಳು. ಬಂದವರಿಗೆಲ್ಲ ವಂದನೆ ಹೇಳಿ, ಯಾರೂ ಊಟ ಮಾಡದೆ ಹೋಗಬಾರದು ಅಂದೆ.

ಊಟದ ಪಂಕ್ತಿಯ ಹತ್ತಿರ ಅವಳು ನನ್ನನ್ನು ಹುಡುಕಿಕೊಂಡು ಬಂದಳು. ಎರಡೂ ಕೈಯಲ್ಲಿ ನನ್ನ ಕೈ ಹಿಡಿದು, "ನೀನು ಅಕ್ಕನ ಹಾಗೆಯೇ" ಅಂದಳು.

ಅದನ್ನೂ ನಾನು ಅಲ್ಲ ಅನ್ನಲಿಲ್ಲ.