ಸ್ಕೇಲಮ್ಮನ ಇನ್ನೂರ ಹನ್ನೊಂದನೇ ಡ್ರಮ್ಮು

ಬೆಳಗಿನ ಆರು ಗಂಟೆ. ಉಗ್ರಾಣದ ಕಬ್ಬಿಣದ ಬಾಗಿಲು ನರಳುತ್ತಾ ತೆರೆದುಕೊಳ್ಳುತ್ತದೆ. ಎದೆಗೆ ವಿಕಿರಣ ಅಳೆಯುವ ಬಿಲ್ಲೆ ಸಿಕ್ಕಿಸಿಕೊಂಡ ಆಕೆ ಮೊದಲ ಡ್ರಮ್ಮಿನ ಮುಚ್ಚಳದ ಮೇಲೆ ಉಕ್ಕಿನ ಸ್ಕೇಲೊಂದನ್ನು ಅಡ್ಡ ಇಡುತ್ತಾರೆ. ಬಗ್ಗಿ ಟಾರ್ಚ್ ಬಿಡುತ್ತಾರೆ, ಸ್ಕೇಲಿನ ಒಂದು ತುದಿಯನ್ನು ಬೆರಳಿಂದ ಒತ್ತುತ್ತಾರೆ. ಅಲ್ಲಾಡಲಿಲ್ಲವೋ, ಮುಂದಿನದು. ದಿನಕ್ಕೆ ನೂರಾ ನಲವತ್ತು ಡ್ರಮ್ಮು, ಐದು ದಿನಕ್ಕೆ ಏಳುನೂರರ ಒಂದು ಸುತ್ತು. ಹದಿನೆಂಟು ವರ್ಷದಿಂದ ಇದೇ ಗಾಣ. ಜೊತೆಯವರ ಬಾಯಲ್ಲಿ ಆಕೆ ‘ಸ್ಕೇಲಮ್ಮ’.

ಡ್ರಮ್ಮುಗಳಲ್ಲಿರುವುದು ಯುರೇನಿಯಂ ಆಕ್ಸೈಡಿನ ಪುಡಿ. "ಚೆನ್ನಾಗಿ ಒಣಗಿದ್ರೆ ಸಾಧು ಇದು. ಚೂರು ತೇವ ಉಳೀತೋ, ಅದರ ವಿಕಿರಣವೇ ಆ ನೀರನ್ನ ಒಡೆದು ಗ್ಯಾಸ್ ಮಾಡತ್ತೆ. ಬಿಗಿಯಾಗಿ ಮುಚ್ಚಿರೋ ಡ್ರಮ್ಮು, ಗ್ಯಾಸ್ ಎಲ್ಲಿಗೆ ಹೋಗ್ಬೇಕು? ವರ್ಷಗಟ್ಟಲೆ ಕೂತು ಮುಚ್ಚಳ ಉಬ್ಬಿಸತ್ತೆ. ಕಿಡಿ ತಾಗಿದ್ರೆ ಮುಗೀತು ಕಥೆ," ಎನ್ನುತ್ತಾರೆ, ಮಂಡಿ ನೀವಿಕೊಳ್ಳುತ್ತಾ. ಇದನ್ನೇ ಹೇಳಿ ಹೇಳಿ ಸಾಕಾದ ದನಿ ಅದು. ದಿನಕ್ಕೆ ನಾಲ್ಕು ಸಲ ಉಜ್ಜಿ ತೊಳೆದು ಅಂಗೈ ಬಿರುಕು ಬಿಟ್ಟಿದೆ.

"ಮನೇಲಿ ಉಪ್ಪಿನ ಡಬ್ಬಿ ಮುಚ್ಚಳದ ಮೇಲೂ ಬೆರಳಾಡಿಸ್ತಾಳೆ. ನಾನು ಸುಮ್ನಿರ್ತೀನಿ. ಇಷ್ಟು ವರ್ಷದ ಸಂಸಾರದಲ್ಲಿ ಕಲಿತಿದ್ದು ಅದೊಂದೇ," ಎಂದು ಬಸ್ಸು ಓಡಿಸುವ ಗಂಡ ನಗುತ್ತಾರೆ.

ಕಳೆದ ತಿಂಗಳು ಇನ್ನೂರ ಹನ್ನೊಂದನೇ ಡ್ರಮ್ಮಿನ ಮೇಲೆ ಸ್ಕೇಲು ತಕ್ಕಡಿಯ ಹಾಗೆ ತೂಗಿತು. ಕಡತದಲ್ಲಿ ಮಾತ್ರ ಎಲ್ಲವೂ ಸರಿ: ಪುಡಿಯನ್ನು ಕುಲುಮೆಯಲ್ಲಿ ಎಂಟು ಗಂಟೆ ಒಣಗಿಸಲಾಗಿದೆ. ಕೆಳಗಿನ ಸಹಿ ಆಕೆಯದೇ, ಹತ್ತೊಂಬತ್ತು ವರ್ಷದ ಹಿಂದೆ ಕುಲುಮೆಯ ಕೆಲಸದಲ್ಲಿದ್ದಾಗ ಹಾಕಿದ್ದು.

"ಎಂಟಲ್ಲ, ಆರು ಗಂಟೆಗೇ ತೆಗೆದಿದ್ದೆ. ಮಗಳಿಗೆ ಜ್ವರ ಅಂತ ಶಾಲೆಯಿಂದ ಫೋನ್ ಬಂತು. ಎರಡು ಗಂಟೇಲಿ ಏನು ಮಹಾ ಅಂತ ಎಂಟು ಬರೆದು ಓಡಿದೆ."

ಕಡತ ಸರಿಯಿರುವ ಡ್ರಮ್ಮನ್ನು ತೆರೆಯಲು ಅನುಮತಿ ಸಿಗುವುದಿಲ್ಲ. ಅದು ಸುಳ್ಳೆಂದು ಯಾರಾದರೂ ಬರೆದುಕೊಡಬೇಕು. "ಮೂರು ತಿಂಗಳಿಗೆ ನಿವೃತ್ತಿ ಆಗ್ತೀರಿ. ಸುಮ್ನೆ ಯಾಕಮ್ಮ ಮೈಮೇಲೆ ಎಳ್ಕೊಳ್ತೀರಿ? ಮುಚ್ಚಳ ಅಂದ್ಮೇಲೆ ಸ್ವಲ್ಪ ಸೊಟ್ಟ ಇರತ್ತೆ," ಎಂದರು ಮೇಲಧಿಕಾರಿ. ಆ ಮಾತಿನಲ್ಲಿ ಕಾಳಜಿಯೂ ಇತ್ತು, ಕೈತೊಳೆದುಕೊಳ್ಳುವ ಆತುರವೂ ಇತ್ತು. ಮೂರನೇ ದಿನ ಆಕೆಯೇ ಬರೆದುಕೊಟ್ಟರು.

ಗಾಜಿನಾಚೆ ಯಂತ್ರದ ಕೈ ಮುಚ್ಚಳಕ್ಕೆ ತೂತು ಕೊರೆದಾಗ ಬುಸ್ಸೆಂದು ಗ್ಯಾಸ್ ಹೊರಬಂತು. ಪುಡಿ ಮತ್ತೆ ಕುಲುಮೆ ಸೇರಿತು. ಎಂಟು ಗಂಟೆಯೂ ಆಕೆ ಅದರ ಮುಂದಿನ ಕುರ್ಚಿ ಬಿಟ್ಟು ಏಳಲಿಲ್ಲ. ಸೇವಾ ಪುಸ್ತಕದಲ್ಲಿ ವಾಗ್ದಂಡನೆ ಸೇರಿತು. ನಿವೃತ್ತಿಯ ದಿನ ಕೊಡಬೇಕಿದ್ದ ಪ್ರಶಂಸಾಪತ್ರ ರದ್ದಾಯಿತು. ಇದನ್ನೆಲ್ಲ ಕೇಳಿ ಬರೆದುಕೊಳ್ಳುತ್ತಿದ್ದ ನನಗಂತೂ ಹೊಟ್ಟೆ ಉರಿಯಿತು, ಆಕೆ ಮಾತ್ರ ಆಕಳಿಸಿದರು. ಈಗಿರುವುದು ಒಂದೇ ಆಸೆ: "ನಾನು ಹೋದ್ಮೇಲೆ ಮುಚ್ಚಳ ನೋಡೋಕೆ ಕ್ಯಾಮೆರಾ ಹಾಕ್ತಾರಂತೆ, ಹಾಕ್ಲಿ. ಜೊತೆಗೆ ಈ ಸ್ಕೇಲೂ ಇರ್ಲಿ."

ಇನ್ನೂರ ಹನ್ನೊಂದರ ಹೊಸ ಮುಚ್ಚಳದ ಮೇಲೆ ಸ್ಕೇಲು ಇಡುತ್ತಾರೆ. ಈ ತುದಿ ಒತ್ತುತ್ತಾರೆ, ಆ ತುದಿ ಒತ್ತುತ್ತಾರೆ. ಅಲ್ಲಾಡುವುದಿಲ್ಲ. ಗೋಡೆಯ ಗಡಿಯಾರವನ್ನು ಎರಡೆರಡು ಸಲ ನೋಡಿ ಸಮಯ ಬರೆಯುತ್ತಾರೆ.

"ಮಗಳು ಕೇಳಿದ್ಲು, ಅಮ್ಮಾ ಇದೆಲ್ಲ ನನ್ನಿಂದ ಆಯ್ತಾ ಅಂತ. ಇಲ್ಲ ಕಣೇ, ಜ್ವರ ನಿಂದು, ಬರೆದಿದ್ದು ನಾನು ಅಂದೆ."