ಹಿಮಕ್ಕೆ ಬೆನ್ನು ತಿರುಗಿಸಿ ಎಣಿಸುವ ವಸುಧಾ

ಹಿಮದಲ್ಲಿ ಕಡಿದ ಒಂದು ಗೋಡೆ, ಎದೆಯೆತ್ತರ. ಮುಂಜಾವಿನ ಬೆಳಕು ಅದರೊಳಗೆ ಇಳಿದು ಅಲ್ಲೇ ತಂಗಿದೆ. ಮೇಲೆ ಬಿಳಿ, ಆಳಕ್ಕಿಳಿದಂತೆ ನೀಲಿ. ನಡುವೆ ಕೂದಲೆಳೆಯಂಥ ಬೂದುಗೆರೆ. ಗೆರೆಯ ಮೇಲೆ ಕೈಗವಸು ಕಳಚಿದ ಒಂದು ಬೆರಳು. ಗಾಳಿಯಿಲ್ಲ. ಬರ್ಚ್ ಮರದ ಕೊಂಬೆಯ ಮೇಲಿನ ಹಿಮ ಉದುರುವುದನ್ನೇ ಮರೆತಿದೆ.

ಬೆರಳು ವಸುಧಾ ಅವರದು. ಜಪಾನಿನ ನಾಗಾನೋ ಪ್ರಾಂತ್ಯದ ಬೆಟ್ಟದೂರೊಂದರಲ್ಲಿ ಹಿಮದ ಪದರಗಳನ್ನು ಪರೀಕ್ಷಿಸಿ, ಯಾವ ಇಳಿಜಾರು ಇಂದು ಕುಸಿದೀತು, ಯಾವುದು ತಾಳೀತು ಎಂದು ತಿಳಿಸುವುದು ಅವರ ಕಾಯಕ. ಮೈಸೂರಿನಿಂದ ಸಂಶೋಧನೆಗೆಂದು ಜಪಾನಿನದೇ ಕಾಶಿವಾ ನಗರಕ್ಕೆ ಬಂದವರು, ಒಂದು ಚಳಿಗಾಲದ ಕ್ಷೇತ್ರಕಾರ್ಯಕ್ಕೆ ಇಲ್ಲಿಗೆ ಬಂದು ಇಲ್ಲಿಯವರೇ ಆಗಿಬಿಟ್ಟಿದ್ದಾರೆ. ಸ್ಕೀ ತೊಟ್ಟು ಕಾಡುಬೆಟ್ಟಕ್ಕೆ ಹೋಗುವವರು ಅವರ ಸೂಚನೆಯನ್ನು ಫೋನಿನಲ್ಲಿ ಓದುತ್ತಾರೆ, ಅದರಡಿಯಲ್ಲಿ ಹೆಸರಿರುವುದಿಲ್ಲ. "ಏನೂ ಆಗ್ಲಿಲ್ಲ ಅಂತ ಯಾರು ಫೋನ್ ಮಾಡಿ ಥ್ಯಾಂಕ್ಸ್ ಹೇಳ್ತಾರೆ? ಫೋನ್ ಬರ್ದಿದ್ರೇನೇ ನಂಗೆ ನಿದ್ದೆ," ಎಂದು ನಗುತ್ತಾರೆ.

ಆದರೆ ಇಂದು ಬೆಟ್ಟದ ಮೇಲೆ ಕಾಯುತ್ತಿರುವುದು ಅವರ ಪತಿ. ಹವಾಮಾನ ಉಪಕರಣ ಸರಿಪಡಿಸಲು ಸಂದೀಪ ಮೇಲಿನ ಗುಡಿಸಲು ಸೇರಿದ ಸಂಜೆಯೇ ಬಿರುಗಾಳಿ ಎದ್ದಿತು. ಬೂದುಗೆರೆಯಾಗಿ ಕಾಣುವ, ಸಕ್ಕರೆಹರಳಿನಂಥ ಸಡಿಲ ಪದರದ ಮೇಲೆ ಹೊಸ ಹಿಮ ಭಾರವಾಗಿ ಕುಳಿತಿತು. ಇಳಿಯಲು ಇರುವುದು ಉತ್ತರದ ಇಳಿಜಾರೊಂದೇ. ಮೂರು ದಿನದಿಂದ ರೇಡಿಯೋದಲ್ಲಿ ವಸುಧಾ ಹೇಳುತ್ತಿರುವುದು ಒಂದೇ ಮಾತು: ಬೇಡ. ಮೇಲೆ ಸ್ಟೌವಿನ ಸೀಮೆಎಣ್ಣೆ ಮುಗಿಯುತ್ತ ಬಂದಿದೆ. "ಗಂಡ ಅಂತ ಒಂಚೂರು ಕನ್ಸೆಷನ್ ಇಲ್ವೇನೇ?" ಎಂಬ ತಮಾಷೆಯಲ್ಲೂ ಹಲ್ಲು ಕಟಕಟಿಸುವುದು ಕೇಳಿಸುತ್ತದೆ.

ಅದೇ ಉತ್ತರಮುಖದ, ಆದರೆ ಜಾರಿದರೂ ಯಾರನ್ನೂ ಹೂಳದಷ್ಟು ಪುಟ್ಟ ದಿಣ್ಣೆಯಲ್ಲಿದೆ, ಪರೀಕ್ಷೆಗೆಂದು ಗೋಡೆ ಕಡಿದ ಈ ಗುಂಡಿ. ಗೋಡೆಯಿಂದ ಹಿಮದ ಕಂಬವೊಂದನ್ನು ಬಿಡಿಸಿ, ನೆತ್ತಿಗೆ ಸಲಿಕೆಯಿಟ್ಟು ತಟ್ಟಬೇಕು: ಮಣಿಕಟ್ಟಿನಿಂದ, ಮೊಣಕೈಯಿಂದ, ಕೊನೆಗೆ ಭುಜದಿಂದ, ಹತ್ತು ಹತ್ತು ಪೆಟ್ಟು. ಕಂಬ ಬೇಗ ಮುರಿದರೆ ದಾರಿ ಮುಚ್ಚಿದಂತೆ, ಕೊನೆಯವರೆಗೂ ನಿಂತರೆ ತೆರೆದಂತೆ. ಈ ತಂಡದಲ್ಲೊಂದು ರೂಢಿ: ಇಂಥದೇ ಫಲಿತಾಂಶ ಬೇಕೆಂದು ಹಂಬಲಿಸುವವರು ತಟ್ಟುವಂತಿಲ್ಲ, ಆಸೆ ಕೈಯನ್ನು ಮೆತ್ತಗಾಗಿಸುತ್ತದೆ. ವಸುಧಾ ಸಲಿಕೆಯನ್ನು ಹಿರಿಯ ಜೊತೆಗಾರ ಮಾರುಯಾಮಾ ಸಾನ್ ಕೈಗಿತ್ತು, ಬೆನ್ನು ತಿರುಗಿಸಿ ನಿಲ್ಲುತ್ತಾರೆ. ಎಣಿಸುವುದಷ್ಟೇ ಅವರ ಪಾಲು.

"ಸುಮಿಮಾಸೆನ್, ಕ್ಷಮಿಸಿ, ಜೋರಾಗಿ ತಟ್ಟಿ. ನನ್ನ ಮುಖ ನೋಡಿ ಕರುಣೆ ತೋರಿಸ್ಬೇಡಿ."

"ನೋಡೋಕೆ ಮುಖ ಎಲ್ಲಿದೆ, ವಸುಧಾ ಸಾನ್? ಬರೀ ಟೋಪಿ ಕಾಣ್ತಿದೆ."

ಭುಜದ ಕೊನೆಯ ಪೆಟ್ಟೂ ಮುಗಿಯುತ್ತದೆ. ಸದ್ದಿಲ್ಲ. ವಸುಧಾ ತಿರುಗುತ್ತಾರೆ, ಕಂಬ ನಿಂತಿದೆ. ತುಸು ದೂರದ ಇನ್ನೊಂದು ಗುಂಡಿಯಲ್ಲೂ ಅದೇ ಫಲಿತಾಂಶ. ಸಡಿಲ ಹರಳುಗಳು ಒಂದನ್ನೊಂದು ಹಿಡಿದುಕೊಂಡಿವೆ. ಹಿಮ ತನ್ನ ಗಾಯವನ್ನು ತಾನೇ ಮಾಯಿಸಿಕೊಂಡಿದೆ. ವಸುಧಾ ರೇಡಿಯೋ ಎತ್ತಿಕೊಳ್ಳುತ್ತಾರೆ. "ಬಾರೋ. ಬಲಗಡೆ ಮರದ ಅಂಚು ಬಿಡ್ಬೇಡ."

ಮಧ್ಯಾಹ್ನ ಕಚೇರಿಯ ಒಲೆಯ ಮುಂದೆ ಸಂದೀಪ ಬಿಸಿ ಸಾರನ್ನ ಉಣ್ಣುತ್ತಿದ್ದಾರೆ. "ಮೂರು ದಿನ ಕಪ್ ನೂಡಲ್ಸ್ ತಿನ್ನಿಸಿದ್ಯಲ್ಲೇ!"

"ಹಿಮಕ್ಕೇನ್ ಗೊತ್ತು ನೀನು ನನ್ ಗಂಡ ಅಂತ?" ಎನ್ನುತ್ತ ವಸುಧಾ ಇನ್ನೊಂದು ಸೌಟು ಬಡಿಸುತ್ತಾರೆ. ಆಮೇಲೆ ಕಿಟಕಿಯತ್ತ ನೋಡಿ ಬೂಟು ಏರಿಸುತ್ತಾರೆ. "ಬಿಸಿಲು ಬಂತು. ದಕ್ಷಿಣದ ಕಡೆ ಹಿಮ ಸಡಿಲಾಗುತ್ತೆ, ನೋಡ್ಬೇಕು."

"ಈಗ್ಲೇನಾ?"

"ಅಲ್ಲಿ ಹೋಗೋರಿಗೂ ಮನೇಲಿ ಯಾರೋ ಕಾಯ್ತಿರ್ತಾರೆ ಕಣೋ."

ಸಲಿಕೆ ಎತ್ತಿಕೊಳ್ಳಲು ಹೊರಟ ಮಾರುಯಾಮಾ ಸಾನ್‌ರನ್ನು ಕೈಯೆತ್ತಿ ತಡೆಯುತ್ತಾರೆ. "ಬಿಡಿ. ಈ ಸಲ ನಾನೇ ತಟ್ತೀನಿ."

ಅವರ ಹಿಂದೆ ಬಾಗಿಲು ಮೆಲ್ಲನೆ ಮುಚ್ಚಿಕೊಳ್ಳುತ್ತದೆ.